ಅಮೆರಿಕದ ಬಿಸ್ಕತ್ ಹಿಟ್ಟಿನ ಡಬ್ಬಿ ತೆರೆದಾಗ ಪಟ್ ಅಂತ ಸಿಡಿಯುವುದು ಯಾಕೆ?

ಒಳಗಿರುವ ಗ್ಯಾಸಿನ ಒತ್ತಡದಿಂದ, ಅಷ್ಟೇ. ಅಲ್ಲಿ ಸೂಪರ್‌ಮಾರ್ಕೆಟ್ ಫ್ರಿಜ್‌ನಲ್ಲಿ ಸಿಗುವ ಈ ಹಿಟ್ಟು ನಾವು ಟೀಗೆ ಅದ್ದುವ ಬಿಸ್ಕತ್ತಿನದಲ್ಲ, ಬನ್ನಿನ ಹಾಗೆ ಉಬ್ಬುವಂಥದ್ದು. ಅದರಲ್ಲಿ ಅಡುಗೆ ಸೋಡಾ ಇರುತ್ತದೆ, ಜೊತೆಗೆ ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡುವ ಒಂದು ಹುಳಿ ಪದಾರ್ಥ. ಎರಡೂ ಸೇರಿ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಕಾರ್ಖಾನೆಯಲ್ಲಿ ಡಬ್ಬಿಯನ್ನು ಪೂರ್ತಿ ತುಂಬುವುದಿಲ್ಲ, ಮುಚ್ಚಿದ ಮೇಲೆ ಹಿಟ್ಟು ಉಬ್ಬಿ ಖಾಲಿ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ, ಆಮೇಲೂ ಗ್ಯಾಸ್ ಬರುತ್ತಲೇ ಇರುವುದರಿಂದ ಒತ್ತಡ ಏರುತ್ತದೆ.

ಇನ್ನು ಡಬ್ಬಿ. ಅದು ತಗಡಿನದಲ್ಲ, ಓರೆಯಾಗಿ ಸುರುಳಿ ಸುತ್ತಿದ ರಟ್ಟು. ಆ ಸುರುಳಿಯ ಅಂಚುಗಳು ಬಿಡದಂತೆ ಹಿಡಿದಿರುವುದು ಹೊರಗಿನ ಲೇಬಲ್ ಕಾಗದವೇ. ಅದನ್ನು ಸುಲಿದರೆ ಅಂಚು ಬಾಯಿಬಿಟ್ಟು ಹಿಟ್ಟು ಉಬ್ಬಿ ಹೊರಗೆ ಇಣುಕುತ್ತದೆ. ಕೆಲವೊಮ್ಮೆ ಸುಲಿದರೂ ಸುಮ್ನೆ ಇರುತ್ತದೆ, ಆಗ ಚಮಚದ ಬೆನ್ನಿನಿಂದ ಅಂಚಿನ ಮೇಲೆ ಒತ್ತಬೇಕು. ಪಟ್ ಅನ್ನುವುದು ಗೊತ್ತು, ಯಾವಾಗ ಅಂತ ಗೊತ್ತಿಲ್ಲ, ಬೆಚ್ಚಿಬೀಳುವುದು ಅದಕ್ಕೇ ಅಲ್ವಾ?

ಅಂದಹಾಗೆ, ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಬೇಕರಿ ಕೆಲಸ ಮಾಡುತ್ತಿದ್ದ ಲೈವ್ಲಿ ವಿಲೋಬಿ ಎಂಬವರು ಹಿಟ್ಟನ್ನು ಹೀಗೆ ಡಬ್ಬಿಯಲ್ಲಿ ತುಂಬುವುದಕ್ಕೆ 1931ರಲ್ಲಿ ಪೇಟೆಂಟ್ ಪಡೆದರು. ಡಬ್ಬಿಯನ್ನು ಫ್ರಿಜ್‌ನಿಂದ ಹೊರಗೆ ಜಾಸ್ತಿ ಹೊತ್ತು ಇಡಬೇಡಿ, ಬೆಚ್ಚಗಾದರೆ ತಾನಾಗಿಯೇ ಸಿಡಿಯಬಹುದು.