ಸೀಟಿನ ರಿಂಗ್ ಯಾಕೆ ಬಿಚ್ಚಿಕೊಳ್ಳುತ್ತವೆ

ನಮಸ್ಕಾರ್ರೀ ಸರ್. ಪದ್ಮಿನಿ ಕಾರಿನ ಸೀಟಿಗೆ ಹೊಸ ರೆಕ್ಸಿನ್ ಕವರ್ ಹಾಕಿದ ಮೇಲೆ ಹಾಗ್ ರಿಂಗ್ (ಕವರನ್ನು ಸೀಟಿನ ಚೌಕಟ್ಟಿಗೆ ಹಿಡಿಸುವ ಚಿಕ್ಕ ತಂತಿ ಬಳೆ) ಬಿಚ್ಚಿಕೊಳ್ಳುತ್ತಿವೆ, ಮೂಲೆಯಲ್ಲಿ ಸುಕ್ಕು ಹೋಗುತ್ತಿಲ್ಲ ಅಂದಿರಿ. ಬಹುಶಃ ಸಾದಾ ಪಕ್ಕಡ್‌ನಿಂದ ಒತ್ತಿದ್ದೀರಿ. ಅದರ ಬಾಯಿಂದ ರಿಂಗ್ ಜಾರಿ ಓರೆಯಾಗಿ ಮುಚ್ಚುತ್ತದೆ. ಬಾಯಲ್ಲಿ ರಿಂಗ್ ಕೂರುವ ತಗ್ಗು ಇರುವ ಹಾಗ್ ರಿಂಗ್ ಪಕ್ಕಡ್ಡೇ ಬೇಕು. ಎರಡೂ ತುದಿ ಒಂದನ್ನೊಂದು ಸ್ವಲ್ಪ ದಾಟುವ ತನಕ ಒತ್ತಿ. ಬರೀ ತಾಗಿ ನಿಂತರೆ ಕೂತಾಗಿನ ಎಳೆತಕ್ಕೆ ಮತ್ತೆ ತೆರೆಯುತ್ತದೆ. ಕವರಿನ ಅಂಚಿನ ಮಡಿಕೆಯೊಳಗೆ ತಂತಿ ಇರುತ್ತದಲ್ಲ, ರಿಂಗ್ ಅದನ್ನೂ ಸೇರಿಸಿ ಹಿಡಿಯಬೇಕು. ರೆಕ್ಸಿನ್ ಒಂದನ್ನೇ ಹಿಡಿದರೆ ತೂತು ಹಿಗ್ಗಿ ಹರಿಯುತ್ತದೆ. ತಂತಿಗೆ ತುಕ್ಕು ಹತ್ತಿದ್ದರೆ ಈಗಲೇ ಬದಲಿಸಿ.

ಸುಕ್ಕಿಗೆ: ಕವರನ್ನು ಅರ್ಧ ತಾಸು ಬಿಸಿಲಿಗೆ ಹಾಕಿ. ವಿಜಯಪುರದ ಬ್ಯಾಸಿಗಿ ಬಿಸಿಲಿರುವಾಗ ಹೀಟ್ ಗನ್ ಬೇಕಿಲ್ಲ. ಮೆತ್ತಗಾದ ಕೂಡಲೇ ನಡುವಿನಿಂದ ಶುರು ಮಾಡಿ, ಎದುರುಬದುರು ಒಂದೊಂದು ರಿಂಗ್ ಹಾಕುತ್ತ ಮೂಲೆಗೆ ಹೋಗಿ. ಸುಮಾರು ಎರಡು ಇಂಚಿಗೊಂದು, ಮೂಲೆಯಲ್ಲಿ ಇನ್ನೂ ಒತ್ತಾಗಿ. ಮೂಲೆಯಿಂದ ಶುರು ಮಾಡಿದರೆ ಸುಕ್ಕೆಲ್ಲ ನಡುವೆ ಬಂದು ಕೂರುತ್ತದೆ.

ಬಿಚ್ಚಿದಾಗ ಸ್ಪ್ರಿಂಗ್ ಮತ್ತು ಫೋಮ್ ನಡುವೆ ಗೋಣಿತಟ್ಟು ಇದೆಯೇ ನೋಡ್ರಿ. ಇಲ್ಲದಿದ್ದರೆ ಸ್ಪ್ರಿಂಗ್ ಫೋಮನ್ನು ಕೊರೆಯುತ್ತದೆ, ಸೀಟು ಕುಸಿಯುತ್ತದೆ, ಕವರ್ ಮತ್ತೆ ಸಡಿಲಾಗುತ್ತದೆ. ರಿಂಗಿನ ಚೂಪು ತುದಿ ಫೋಮ್ ಕಡೆ ತಿರುಗದಿರಲಿ.