ಓದುಗರ ಪ್ರಶ್ನೆ: ಕರಡಿಗಿಂತ ಟ್ಯಾಂಕಿಗೆ ಹೆದರಿ

ಹೋದ ಸಂಚಿಕೆಯಲ್ಲಿ ನಮ್ಮ ಉತ್ತರ ಕೆನಡಾ ಪ್ರವಾಸದ ಬಗ್ಗೆ ಬರೆದಿದ್ದೆ. ಮೂರು ಮನೆಯ ಗಂಡ ಹೆಂಡತಿ, ಒಟ್ಟು ಆರು ಜನ. ಬೆನ್ನ ಮೇಲೆ ಮನೆ ಹೊತ್ತ 28 ಅಡಿ ಉದ್ದದ ಬಾಡಿಗೆ ವ್ಯಾನು, ಅಲ್ಲಿನವರ ಮಾತಲ್ಲಿ ಆರ್‌ವಿ. 2016ರ ಜೂನ್‌ನಲ್ಲಿ ಕ್ಯಾಲ್ಗರಿಯಿಂದ ಹೊರಟು, ಅಲಾಸ್ಕಾ ಹೆದ್ದಾರಿ ಹಿಡಿದು, ಯೂಕಾನ್ ಪ್ರದೇಶದ ರಾಜಧಾನಿ ವೈಟ್‌ಹಾರ್ಸ್‌ವರೆಗೆ ಹೋಗಿ ಬಂದ ಕತೆ. 2019ರ ಆಗಸ್ಟ್ ಕೊನೆಯಲ್ಲಿ ಅದೇ ಆರು ಜನ ಮತ್ತೊಮ್ಮೆ ಹೋದೆವು. ಪತ್ರ ಬರೆದವರಲ್ಲಿ ಒಬ್ಬರೂ ಬೆಟ್ಟ ಚೆನ್ನಾಗಿತ್ತಾ, ಕೆರೆ ಚೆನ್ನಾಗಿತ್ತಾ ಅಂತ ಕೇಳಿಲ್ಲ. ಟಾಯ್ಲೆಟ್, ಒಗ್ಗರಣೆ, ಕರಡಿ, ಇಷ್ಟೇ. ಸರಿಯಾಗೇ ಕೇಳಿದ್ದೀರಿ ಬಿಡಿ.

ನನ್ನ ಮಗ ಕ್ಯಾಲ್ಗರಿಯಲ್ಲಿದ್ದಾನೆ. ಜುಲೈನಲ್ಲಿ ಸ್ನೇಹಿತರ ಜೊತೆ ಆರ್‌ವಿಯಲ್ಲಿ ಅಲಾಸ್ಕಾಗೆ ಹೋಗಿ ಹತ್ತು ದಿನದಲ್ಲಿ ವಾಪಸ್ ಬರ್ತೀವಿ ಅಂತಾನೆ. ಆಗುತ್ತಾ?
— ಓದುಗರೊಬ್ಬರು, ದಾವಣಗೆರೆ

ಆಗುತ್ತೆ. ಆದರೆ ಅದು ಪ್ರವಾಸ ಅಲ್ಲ, ಲಾರಿ ಡ್ರೈವರ್ ಕೆಲಸ.

ನಾನು ಲೆಕ್ಕಪತ್ರದ ಕೆಲಸದವಳು, ಲೆಕ್ಕ ಹಾಕಿಯೇ ಹೇಳುತ್ತೇನೆ. ಕ್ಯಾಲ್ಗರಿಯಿಂದ ಡಾಸನ್ ಕ್ರೀಕ್‌ಗೆ ಸುಮಾರು 900 ಕಿ.ಮೀ. ಅಲಾಸ್ಕಾ ಹೆದ್ದಾರಿ ಶುರುವಾಗುವುದೇ ಅಲ್ಲಿಂದ. ಅಲ್ಲಿಂದ, ಹೆದ್ದಾರಿ ಮುಗಿಯುವ ಅಲಾಸ್ಕಾದ ಡೆಲ್ಟಾ ಜಂಕ್ಷನ್‌ಗೆ ಇನ್ನೂ 2,200 ಕಿ.ಮೀ. ಮೇಲೆ, ಹೆಚ್ಚುಕಡಿಮೆ ಬೆಂಗಳೂರಿಂದ ದೆಹಲಿ. ಅಂದರೆ ಹೋಗಿ ಬರಲು 6,000 ದಾಟುತ್ತೆ. ಆರ್‌ವಿ ಗಂಟೆಗೆ ಎಂಬತ್ತು ತೊಂಬತ್ತರ ಮೇಲೆ ಓಡಿಸುವ ಗಾಡಿಯಲ್ಲ. ಗಾಳಿ ಬೀಸಿದರೆ ಮದುವೆ ಪೆಂಡಾಲ್ ಥರ ಅಲ್ಲಾಡುತ್ತೆ.

ನಾವು ವೈಟ್‌ಹಾರ್ಸ್‌ವರೆಗೆ ಮಾತ್ರ ಹೋಗಿದ್ದು. ಒಂದು ಕಡೆಗೆ 2,300 ಕಿ.ಮೀ., ಹದಿನಾರು ದಿನ. ಅದೂ ಸಾಲದು ಅನ್ನಿಸಿತು. ಹತ್ತೇ ದಿನ ರಜೆ ಇದ್ದರೆ ವೈಟ್‌ಹಾರ್ಸ್‌ಗೆ ವಿಮಾನದಲ್ಲಿ ಹೋಗಿ, ಅಲ್ಲೇ ಆರ್‌ವಿ ಬಾಡಿಗೆಗೆ ತಗೊಳ್ಳಲಿ. ಯೂಕಾನ್ ಒಂದೇ ಎರಡೂವರೆ ಕರ್ನಾಟಕದಷ್ಟು ದೊಡ್ಡದು. ಜನ ಎಷ್ಟು ಗೊತ್ತಾ? 2021ರ ಜನಗಣತಿಯಲ್ಲಿ 40,232. ಅವರಲ್ಲೂ ಮೂರರಲ್ಲಿ ಎರಡು ಪಾಲು ಜನ ವೈಟ್‌ಹಾರ್ಸ್‌ನಲ್ಲೇ ಇದ್ದಾರೆ. ಉಳಿದ ಜಾಗದಲ್ಲಿ ಯಾರೂ ಇಲ್ಲ ಅಂದರೂ ತಪ್ಪಲ್ಲ.

ಇನ್ನೊಂದು ಮಾತು. ಅಲಾಸ್ಕಾ ಅಮೆರಿಕಕ್ಕೆ ಸೇರಿದ್ದು. ಜೊತೆಯಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರಿದ್ದರೆ ಅವರಿಗೆ ಅಮೆರಿಕದ ವೀಸಾ ಬೇರೆಯೇ ಬೇಕು. ಕೆನಡಾ ವೀಸಾ ತೋರಿಸಿದರೆ ಗಡಿಯಲ್ಲೇ ವಾಪಸ್ ಕಳಿಸುತ್ತಾರೆ.

ಗಾಡಿಯೊಳಗೇ ಟಾಯ್ಲೆಟ್ಟು, ಬಚ್ಚಲು ಅಂತ ಬರೆದಿದ್ದಿರಿ. ನೀರು ಎಲ್ಲಿಂದ ಬರುತ್ತೆ? ಹೊಲಸು ಎಲ್ಲಿಗೆ ಹೋಗುತ್ತೆ? ನಾಚಿಕೆ ಬಿಟ್ಟು ಕೇಳ್ತಿದ್ದೀನಿ.
— ಓದುಗರೊಬ್ಬರು, ಹುಬ್ಬಳ್ಳಿ

ನಾಚಿಕೆ ಯಾಕೆ, ಇಡೀ ಪ್ರವಾಸ ನಿಂತಿರುವುದೇ ಈ ಪ್ರಶ್ನೆಯ ಮೇಲೆ.

ಗಾಡಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕ್. ಒಂದರಲ್ಲಿ ಒಳ್ಳೆ ನೀರು. ಇನ್ನೊಂದು ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ. ಅದನ್ನು ಗ್ರೇ ಅಂತಾರೆ. ಮೂರನೆಯದು ಟಾಯ್ಲೆಟ್‌ದು, ಬ್ಲ್ಯಾಕ್. ನಮ್ಮ ಗಾಡಿಯಲ್ಲಿ ಒಳ್ಳೆ ನೀರು ಸುಮಾರು 130 ಲೀಟರ್ ಹಿಡಿಯುತ್ತಿತ್ತು. ಆರು ಜನಕ್ಕೆ ಎರಡು ದಿನ ಬರಬೇಕು ಅಂತ ನನ್ನ ಲೆಕ್ಕ. ಮೊದಲ ದಿನ ಮಧ್ಯಾಹ್ನಕ್ಕೇ ಖಾಲಿ! ಯಾಕೆ ಅಂದರೆ ನಾವು ಊರಿನ ಅಭ್ಯಾಸ ಬಿಡಲಿಲ್ಲ. ಕೈ ತೊಳೆಯಲು ನಲ್ಲಿ ಪೂರ್ತಿ ತಿರುಗಿಸಬೇಕು. ಲೋಟ ತೊಳೆಯಲು ಮೂರು ಸಲ ನೀರು. ಟಾಯ್ಲೆಟ್‌ಗೆ ಚೊಂಬು. ಚೊಂಬಿನ ನೀರೆಲ್ಲ ಬ್ಲ್ಯಾಕ್ ಟ್ಯಾಂಕಿಗೇ ತಾನೇ ಹೋಗುವುದು? ಒಂದು ಕಡೆ ಒಳ್ಳೆ ನೀರು ಮುಗಿದಿತ್ತು, ಇನ್ನೊಂದು ಕಡೆ ಹೊಲಸು ಟ್ಯಾಂಕ್ ತುಂಬಿತ್ತು. ಎರಡನೇ ದಿನದಿಂದ ಚೊಂಬು ಹೋಗಿ ಅರ್ಧ ಲೀಟರ್ ನೀರಿನ ಬಾಟಲಿ ಬಂತು. ಅದೊಂದು ಬದಲಾವಣೆಗೆ ನಮ್ಮ ಗುಂಪಿನಲ್ಲಿ ನಡೆದ ಚರ್ಚೆ ವಿಧಾನಸೌಧದಲ್ಲೂ ನಡೆದಿರಲಿಕ್ಕಿಲ್ಲ.

ಖಾಲಿ ಮಾಡಲು ಡಂಪ್ ಸ್ಟೇಷನ್ ಇರುತ್ತವೆ. ಊರುಗಳಲ್ಲಿ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ. ದಪ್ಪ ಪೈಪನ್ನು ಗಾಡಿಯ ಅಡಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೆಲದ ತೂತಿಗೆ ಇಳಿಸಿ, ಹಿಡಿ ಎಳೆಯಬೇಕು. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಆಗ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತೆ. ಪೈಪ್ ಸಿಕ್ಕಿಸಿ ತಿರುಗಿಸಿದಾಗ 'ಟಕ್' ಅಂತ ಕೂರಬೇಕು. ಫೋರ್ಟ್ ನೆಲ್ಸನ್‌ನಲ್ಲಿ ನಮ್ಮೆಜಮಾನ್ರು ಆ 'ಟಕ್'ಗೆ ಕಾಯದೆ ಹಿಡಿ ಎಳೆದರು. ಮುಂದಿನದನ್ನು ಬರೆಯುವುದಿಲ್ಲ. ಅವರ ಹೊಸ ಶೂ ಫೋರ್ಟ್ ನೆಲ್ಸನ್‌ನ ಕಸದ ತೊಟ್ಟಿಯಲ್ಲೇ ಉಳಿಯಿತು ಅಂತಷ್ಟೇ ಹೇಳುತ್ತೇನೆ. ಉದ್ದ ರಬ್ಬರ್ ಕೈಗವಸು ಎರಡು ಜೊತೆ ಇಟ್ಟುಕೊಳ್ಳಿ.

ಹಾಗಾದರೆ ಸ್ನಾನ?
— ಅದೇ ಹುಬ್ಬಳ್ಳಿಯವರು

ದಿನಾ ಇಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದು, ಸಿಕ್ಕಲ್ಲಿ ಕಾಸು ಕೊಟ್ಟು ಶವರ್. ಆದರೆ ದಾರಿಯಲ್ಲಿ ಲಿಯಾರ್ಡ್ ಬಿಸಿನೀರಿನ ಬುಗ್ಗೆ ಇದೆ. ಅದನ್ನು ಮಾತ್ರ ಬಿಡಬೇಡಿ. ಕಾಡಿನ ಮಧ್ಯೆ ಜೌಗು ನೆಲ. ಅದರ ಮೇಲೆ ಹಲಗೆ ಹಾಸಿದ ಕಾಲುದಾರಿ. ಕೊನೆಗೆ ಹಂಡೆ ನೀರಿನಂತೆ ಹೊಗೆಯಾಡುವ ಕೊಳ. ನೀರು 42ರಿಂದ 52 ಡಿಗ್ರಿವರೆಗೆ ಇರುತ್ತೆ. ಬುಗ್ಗೆಯ ಕಡೆಗೆ ಸರಿದಷ್ಟೂ ಸುಡುತ್ತೆ, ದೂರ ಬಂದಷ್ಟೂ ಹದ. ಮೈಗೆ ಎಣ್ಣೆ ಹಚ್ಚಿಕೊಂಡು ಇಳಿಯುವ ಹಾಗಿಲ್ಲ, ಸೋಪು ಕೂಡದು. ಐದು ದಿನ ಗಾಡಿಯಲ್ಲಿ ಮಡಚಿಕೊಂಡಿದ್ದ ಆರು ಜನ ಕತ್ತಿನವರೆಗೆ ಮುಳುಗಿ ಒಂದು ಗಂಟೆ ಮಾತೇ ಆಡಲಿಲ್ಲ.

ನಾವು ಸಸ್ಯಾಹಾರಿಗಳು. ಅಡುಗೆ ಹೇಗೆ ಮಾಡಿಕೊಂಡಿರಿ?
— ಓದುಗರೊಬ್ಬರು, ಮೈಸೂರು

ಗಾಡಿಯಲ್ಲಿ ಗ್ಯಾಸ್ ಒಲೆ ಇರುತ್ತೆ. ಫ್ರಿಜ್ ಕೂಡ ಅದೇ ಗ್ಯಾಸಿನಲ್ಲಿ ಓಡುತ್ತೆ. ಎಲೆಕ್ಟ್ರಿಕ್ ರೈಸ್ ಕುಕ್ಕರ್ ತಗೊಂಡು ಹೋಗಬೇಡಿ, ಕಾಡಿನ ಕ್ಯಾಂಪುಗಳಲ್ಲಿ ಕರೆಂಟ್ ಇಲ್ಲ. ಮೂರು ಲೀಟರ್ ಪ್ರೆಷರ್ ಕುಕ್ಕರ್ ಸಾಕು.

ತೊಂದರೆ ಬರುವುದು ಒಗ್ಗರಣೆಯಿಂದ. ಮೊದಲ ಸಂಜೆ ಗೆಳತಿ ಸಾರಿಗೆ ಸಾಸಿವೆ, ಇಂಗು, ಎರಡು ಒಣಮೆಣಸಿನಕಾಯಿ ಹಾಕಿದಳು. ಚಟಪಟ ಅಂದಿದ್ದೇ ತಡ, ತಲೆಯ ಮೇಲಿನ ಹೊಗೆ ಅಲಾರಂ ಬಡಿದುಕೊಳ್ಳಲು ಶುರು. ಆರೂ ಜನ ಕೆಮ್ಮುತ್ತಾ ಬಾಗಿಲಿಗೆ ನುಗ್ಗಿದೆವು. ಪಕ್ಕದ ಜಾಗದಲ್ಲಿದ್ದ ಒಬ್ಬ ಅಜ್ಜ ಬೆಂಕಿ ಆರಿಸುವ ಸಿಲಿಂಡರ್ ಹಿಡಿದುಕೊಂಡೇ ಓಡಿ ಬಂದರು. ಅವರಿಗೆ ಅದೇ ಸಾರು ಅನ್ನ ಬಡಿಸಿದೆವು. ಎರಡನೇ ಸಲ ಹಾಕಿಸಿಕೊಂಡರು.

ಅಲಾರಂ ಮಾತ್ರ ಬಿಚ್ಚಿಡಬೇಡಿ. ಮಲಗುವ ಜಾಗದಲ್ಲೇ ಗ್ಯಾಸ್ ಇರುವ ಗಾಡಿ ಅದು. ಒಗ್ಗರಣೆಯನ್ನು ಚಿಕ್ಕ ಒಲೆಯಲ್ಲಿ ಹೊರಗೆ ಹಾಕಿ. ಇಲ್ಲಾಂದ್ರೆ ಮನೆಯಲ್ಲೇ ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ, ಹುರಿದ ರವೆ ಮಾಡಿಕೊಂಡು ಹೋಗಿ. ನಾವು ಎರಡನೇ ಸಲ ಹಾಗೇ ಮಾಡಿದ್ದು. ತರಕಾರಿಯನ್ನು ದೊಡ್ಡ ಊರಲ್ಲೇ ತಗೊಂಡುಬಿಡಿ. ಮುಂದೆ ಹೋದಷ್ಟೂ ಸೊಪ್ಪು ಬಾಡಿರುತ್ತೆ, ಬೆಲೆ ಮಾತ್ರ ತಾಜಾ ಆಗಿರುತ್ತೆ. ಬಿಸಿಬೇಳೆಬಾತ್ ಮಾಡಿದರೆ ಪಾತ್ರೆಯನ್ನು ಮೊದಲು ಪೇಪರಿನಲ್ಲಿ ಒರೆಸಿ, ಆಮೇಲೆ ತೊಳೆಯಿರಿ. ಮತ್ತೆ ಅದೇ ಟ್ಯಾಂಕ್ ವಿಷಯ.

ಯೂಕಾನ್ ಸರ್ಕಾರದ ಕ್ಯಾಂಪುಗಳಲ್ಲಿ ಸೌದೆ ಪುಕ್ಕಟೆ. ದೊಡ್ಡ ದಿಮ್ಮಿಗಳು ರಾಶಿ ಬಿದ್ದಿರುತ್ತವೆ. ಕೊಡಲಿ ನೀವು ತರಬೇಕು. ನಮ್ಮಲ್ಲಿ ಸೌದೆ ಒಡೆಯಲು ಬರುತ್ತಿದ್ದುದು ನನಗೊಬ್ಬಳಿಗೇ. ಅರಕಲಗೂಡಿನ ಬಚ್ಚಲೊಲೆ ಕಲಿಸಿದ್ದು.

ಕರಡಿ ಬಂದರೆ? ನಮ್ಮ ಕಡೆಯೂ ಇವೆ, ಆದರೆ ಅಲ್ಲಿನವು ದೊಡ್ಡವು ಅಂತಾರೆ.
— ಓದುಗರೊಬ್ಬರು, ಶಿರಸಿ

ಎರಡು ಜಾತಿ ಇವೆ, ಕಪ್ಪು ಕರಡಿ ಮತ್ತು ಗ್ರಿಜ್ಲಿ. ಗ್ರಿಜ್ಲಿಗೆ ಹೆಗಲ ಮೇಲೆ ಡುಬ್ಬ ಇರುತ್ತೆ. ಜೂನ್‌ನಲ್ಲಿ ರಸ್ತೆ ಬದಿಯ ಹುಲ್ಲು, ಹೂವು ಮೇಯುತ್ತಾ ಕೂತಿರುತ್ತವೆ, ಥೇಟ್ ಎಮ್ಮೆ ಥರ. ನೋಡಬೇಕು ಅಂದರೆ ಗಾಡಿಯಿಂದ ಇಳಿಯಬೇಡಿ. ನಡೆಯುವಾಗ ಗಟ್ಟಿಯಾಗಿ ಮಾತಾಡುತ್ತಾ ಹೋಗಿ. ಅದೇನು ನಮಗೆ ಹೇಳಿಕೊಡಬೇಕಾ! ಕರಡಿ ಸ್ಪ್ರೇ, ಅಂದರೆ ಮೇಲೆ ಬಂದ ಕರಡಿಯ ಮುಖಕ್ಕೆ ಹೊಡೆಯುವ ಖಾರದ ಡಬ್ಬಿ, ಸೊಂಟದಲ್ಲಿರಲಿ, ಬ್ಯಾಗಿನ ತಳದಲ್ಲಲ್ಲ. ಎದುರಾದರೆ ಓಡಬೇಡಿ, ಮೆಲ್ಲಗೆ ಹಿಂದೆ ಸರಿಯಿರಿ. ರಾತ್ರಿ ಹೊರಗಿನ ಮೇಜಿನ ಮೇಲೆ ಒಂದು ಎಂಜಲು ತಟ್ಟೆಯೂ ಉಳಿಯಬಾರದು. ತೊಳೆದ ಕುಕ್ಕರ್ ಕೂಡ ಒಳಗೇ.

ನನಗೆ ಹೆದರಿಕೆಯಾಗಿದ್ದು ಕರಡಿಗಲ್ಲ, ಕಾಡೆಮ್ಮೆಗೆ. ಲಿಯಾರ್ಡ್ ದಾಟಿದ ಮೇಲೆ ಬೈಸನ್ ಹಿಂಡು ರಸ್ತೆಯಲ್ಲೇ ನಡೆಯುತ್ತವೆ. ಒಂದು ಗಂಡು ನನ್ನ ಕಿಟಕಿಯ ಪಕ್ಕಕ್ಕೇ ಬಂದು ನಿಂತಿತು. ತಲೆ ನಮ್ಮ ಗಾಡಿಯ ಬಾನೆಟ್ಟಿನಷ್ಟು ಅಗಲ. ಗಡ್ಡಕ್ಕೆ ಒಣಹುಲ್ಲು ಸಿಕ್ಕಿಕೊಂಡಿತ್ತು. ಉಸಿರಿಗೆ ಗಾಜು ಮಂಜಾಯಿತು. ಹಾರ್ನ್ ಹೊಡೆಯಲು ಹೋದ ಯಜಮಾನರ ಕೈ ಹಿಡಿದುಕೊಂಡೆ. ಇಪ್ಪತ್ತು ನಿಮಿಷ ಅದಕ್ಕೆ ಬೇಕಾದ ಹಾಗೆ ನಿಂತು ಹೋಯಿತು. ಕತ್ತಲಲ್ಲಿ ಈ ಪ್ರಾಣಿ ಕಾಣುವುದೇ ಇಲ್ಲ, ಅಷ್ಟು ಕಪ್ಪು. ಹಾಗಾಗಿ ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ.

ಮಧ್ಯರಾತ್ರಿ ಸೂರ್ಯ ಮತ್ತು ಉತ್ತರದ ಬೆಳಕು, ಎರಡನ್ನೂ ಒಂದೇ ಟ್ರಿಪ್ಪಿನಲ್ಲಿ ನೋಡಬಹುದಾ?
— ವಿದ್ಯಾರ್ಥಿನಿ, ಬೆಂಗಳೂರು

ಇಲ್ಲ ಪುಟ್ಟಿ. ಆ ಬೆಳಕು, ಅಂದರೆ ರಾತ್ರಿ ಆಕಾಶದಲ್ಲಿ ಅಲೆಯಾಡುವ ಅರೋರಾ, ಕಾಣಲು ಕತ್ತಲೆ ಬೇಕು, ಜೂನ್‌ನಲ್ಲಿ ಅಲ್ಲಿ ಕತ್ತಲೆಯೇ ಆಗುವುದಿಲ್ಲ. ವೈಟ್‌ಹಾರ್ಸ್‌ನಲ್ಲಿ ರಾತ್ರಿ ಹನ್ನೊಂದೂವರೆಗೆ ಸೂರ್ಯ ಮುಳುಗಿದ. ಆಮೇಲೂ ಹೊರಗೆ ಕೂತು ಓದುವಷ್ಟು ಬೆಳಕಿತ್ತು. ನಾವು ಕಿಟಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿ ಮಲಗಿದೆವು. ಸೂರ್ಯ ಮುಳುಗದೇ ಇರುವುದನ್ನು ನೋಡಲು ಇನ್ನೂ ಮೇಲೆ, ಆರ್ಕ್‌ಟಿಕ್ ವೃತ್ತದವರೆಗೆ ಹೋಗಬೇಕು.

ಎರಡರಲ್ಲಿ ಒಂದು ಅಂದರೆ ಆಗಸ್ಟ್ ಕೊನೆಯೇ ನನ್ನ ಆಯ್ಕೆ. ಸೊಳ್ಳೆ ಕಡಿಮೆ, ಗಿಡಗಳೆಲ್ಲ ಕೆಂಪು ಹಳದಿ, ರಾತ್ರಿ ಕತ್ತಲೆ. ಬೆಳಕು ಕಣ್ಣಿಗೆ ಮೊದಲು ಬಿಳಿ ಮೋಡದ ಥರ ಕಾಣುತ್ತೆ, ಫೋನಿನಲ್ಲಿ ಹಸಿರಾಗಿ ಬರುತ್ತೆ. ಫೋಟೋ ನೋಡಿ ಹೋದವರಿಗೆ ಸ್ವಲ್ಪ ಬೇಜಾರಾಗಬಹುದು. ಅರ್ಧ ಗಂಟೆ ತಡೆದರೆ ಅದು ಅಲ್ಲಾಡಲು ಶುರುವಾಗುತ್ತೆ, ಆಗ ಫೋನ್ ಒಳಗಿಟ್ಟುಬಿಡಿ.

ರಸ್ತೆ ಹೇಗಿದೆ? ಪೆಟ್ರೋಲ್ ಸಿಗುತ್ತಾ?
— ಓದುಗರೊಬ್ಬರು, ಕಲಬುರಗಿ

ಈ ಹೆದ್ದಾರಿಯನ್ನು 1942ರಲ್ಲಿ ಯುದ್ಧದ ಗಡಿಬಿಡಿಯಲ್ಲಿ ಅಮೆರಿಕದ ಸೈನಿಕರು ಎಂಟೇ ತಿಂಗಳಲ್ಲಿ ಕಡಿದು ಹಾಕಿದರು. ಅವರಲ್ಲಿ ಸಾವಿರಾರು ಕಪ್ಪು ಸೈನಿಕರಿದ್ದರು. ಈಗ ಪೂರ್ತಿ ಡಾಂಬರು. ಆದರೆ ಯೂಕಾನ್‌ನ ಪಶ್ಚಿಮದ ತುದಿಯಲ್ಲಿ ನೆಲದಡಿಯ ಮಂಜುಗಡ್ಡೆ ಕರಗಿ ರಸ್ತೆ ಅಲೆಅಲೆಯಾಗಿರುತ್ತೆ. ಅಲ್ಲಿ ಕಪಾಟಿನ ಬಾಗಿಲಿಗೆ ದಾರ ಕಟ್ಟಿ.

ಪೆಟ್ರೋಲ್ ವಿಷಯದಲ್ಲಿ ಒಂದೇ ನಿಯಮ. ಟ್ಯಾಂಕ್ ಅರ್ಧಕ್ಕಿಳಿದರೆ, ಕಂಡ ಮೊದಲ ಬಂಕಿನಲ್ಲಿ ತುಂಬಿಸಿ. ಬೆಲೆ ನೋಡಬೇಡಿ. ಲೀಟರಿಗೆ ನಾಲ್ಕು ಕಿ.ಮೀ. ಬಂದರೆ ನಿಮ್ಮ ಅದೃಷ್ಟ. ಫೋನ್ ಸಿಗ್ನಲ್ ಊರು ಬಿಟ್ಟರೆ ಇಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಚಿಕ್ಕ ಯಂತ್ರ ಬಾಡಿಗೆಗೆ ಸಿಗುತ್ತೆ, ತಗೊಳ್ಳಿ.

ಟುಕ್ಟೊಯಾಕ್ಟುಕ್‌ವರೆಗೆ, ಅಂದರೆ ಆರ್ಕ್‌ಟಿಕ್ ಸಮುದ್ರದವರೆಗೆ ಹೋಗಬಹುದಾ ಅಂತ ಇನ್ನೊಬ್ಬರು ಕೇಳಿದ್ದಾರೆ. 2017ರಿಂದ ರಸ್ತೆ ಇದೆ. ಆದರೆ ಅಲ್ಲಿಗೆ ಹೋಗುವ ಡೆಂಪ್‌ಸ್ಟರ್ ಹೆದ್ದಾರಿ ನೂರಾರು ಕಿ.ಮೀ. ಚೂಪು ಜಲ್ಲಿಯದು. ಬಾಡಿಗೆ ಆರ್‌ವಿಗಳಿಗೆ ಸಾಮಾನ್ಯವಾಗಿ ಅಲ್ಲಿ ಅನುಮತಿ ಇಲ್ಲ. ಒಪ್ಪಂದದ ಸಣ್ಣಕ್ಷರ ಓದಿ.

ಆರು ಜನ, ಹದಿನಾರು ದಿನ, ಒಂದೇ ಗಾಡಿ. ಜಗಳ ಆಗಲಿಲ್ವಾ?
— ಓದುಗರೊಬ್ಬರು, ಮಂಗಳೂರು

ಆಗದೇ ಇರುತ್ತಾ? ದೊಡ್ಡ ವಿಷಯಕ್ಕೆ ಯಾರೂ ಜಗಳ ಆಡಲಿಲ್ಲ. ಆಡಿದ್ದೆಲ್ಲ ಒದ್ದೆ ಟವಲ್‌ಗೆ, ಗೊರಕೆಗೆ, ಟ್ಯಾಂಕ್ ಖಾಲಿ ಮಾಡುವುದು ಯಾರ ಸರದಿ ಅನ್ನುವುದಕ್ಕೆ. ಎರಡನೇ ಸಲ ಹೊರಡುವ ಮುಂಚೆಯೇ ನಾನು ಸರದಿ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಖರ್ಚಿಗೆ ಒಂದೇ ಡಬ್ಬಿ, ಎಲ್ಲರೂ ಮೊದಲೇ ಸಮನಾಗಿ ಹಾಕುವುದು. ಮೂರು ದಿನಕ್ಕೊಮ್ಮೆ ಗಾಡಿ ಅಲ್ಲಾಡಬಾರದು, ಪೂರ್ತಿ ಒಂದು ದಿನ ಒಂದೇ ಕಡೆ. ಇದು ಎಲ್ಲಕ್ಕಿಂತ ಮುಖ್ಯ.

ರಿವರ್ಸ್ ತೆಗೆಯುವಾಗ ಐದು ಜನ ಐದು ಕಡೆಯಿಂದ ಕೂಗುತ್ತಿದ್ದರು. ಕೊನೆಗೆ ಹಾಸನದ ಗೆಳೆಯನೊಬ್ಬನಿಗೇ ಆ ಅಧಿಕಾರ ಕೊಟ್ಟೆವು. ಅವನು ನಮ್ಮೂರ ಬಸ್ ಕಂಡಕ್ಟರ್ ಥರ ಗಾಡಿಯ ಬದಿಗೆ ಎರಡು ಸಲ ಬಡಿದು 'ರೈಟ್ ರೈಟ್' ಅನ್ನುತ್ತಿದ್ದ. ಮರ ಹತ್ತಿರ ಬಂದರೆ 'ಹೋಲ್ಡಾನ್!' ಆಮೇಲೆ ಒಂದು ಗೀರೂ ಬೀಳಲಿಲ್ಲ.

ಅಷ್ಟು ದೂರದಲ್ಲಿ ಕನ್ನಡದ ಗುರುತು ಏನಾದರೂ ಇದೆಯಾ?
— ಓದುಗರೊಬ್ಬರು, ತುಮಕೂರು

ನಾವೇ ಒಂದು ಬಿಟ್ಟು ಬಂದಿದ್ದೇವೆ. ಯೂಕಾನ್‌ನ ವಾಟ್ಸನ್ ಲೇಕ್ ಅನ್ನುವ ಊರಿನಲ್ಲಿ ಬೋರ್ಡುಗಳ ಕಾಡು ಇದೆ. 1942ರಲ್ಲಿ ರಸ್ತೆ ಕೆಲಸಕ್ಕೆ ಬಂದ ಕಾರ್ಲ್ ಲಿಂಡ್ಲಿ ಅನ್ನುವ ಸೈನಿಕ ಮನೆ ನೆನಪಾಗಿ ತನ್ನ ಊರಿನ ಹೆಸರು ಬರೆದು ಕಂಬಕ್ಕೆ ಹೊಡೆದ. ಹೋದವರೆಲ್ಲ ತಮ್ಮೂರಿನ ಬೋರ್ಡು ಹೊಡೆಯುತ್ತಾ ಬಂದು ಈಗ ಹತ್ತಾರು ಸಾವಿರ ಆಗಿವೆ. 2016ರಲ್ಲಿ ನಾವು ಸೌದೆಯ ಹಲಗೆಯೊಂದಕ್ಕೆ ನೀಲಿ ಬಣ್ಣದಲ್ಲಿ 'ಅರಕಲಗೂಡು' ಅಂತ ಬರೆದು ಮೊಳೆ ಹೊಡೆದೆವು. 2019ರಲ್ಲಿ ಹೋದಾಗ ಮುಕ್ಕಾಲು ಗಂಟೆ ಹುಡುಕಿದೆ. ಸಿಕ್ಕಿತು. ಮಳೆ ಮಂಜಿಗೆ 'ಅರಕಲ' ಪೂರ್ತಿ ಅಳಿಸಿ 'ಗೂಡು' ಮಾತ್ರ ಉಳಿದಿತ್ತು. ಬಣ್ಣ ತಂದಿರಲಿಲ್ಲ. ಹೋಗುವವರು ಚಿಕ್ಕ ಡಬ್ಬಿ ನೀಲಿ ಬಣ್ಣ ಇಟ್ಟುಕೊಂಡಿದ್ದರೆ ಮೊದಲ ನಾಲ್ಕು ಅಕ್ಷರ ತಿದ್ದಿ ಬನ್ನಿ.