ಗೋಡೆ ಕುಡಿದ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ತೇವ ಮತ್ತು ಸೋರಿಕೆಯ ಬಗ್ಗೆಯೇ ಇವೆ. ಬಹಳ ಮಂದಿ ಕೇಳಿರುವುದು “ಏನು ಹಚ್ಚಬೇಕು?” ಎಂದು. ನೀರು ಎಲ್ಲಿಂದ ಬರುತ್ತಿದೆ, ಇನ್ನೂ ಬರುತ್ತಿದೆಯೇ ಎಂಬುದು ಗೊತ್ತಾಗುವ ತನಕ ಏನು ಹಚ್ಚಿದರೂ ದುಡ್ಡು ದಂಡ. ಹಾಗಾಗಿ ಉತ್ತರಗಳಲ್ಲಿ ಮೊದಲು ಪರೀಕ್ಷೆ, ಆಮೇಲೆ ಮದ್ದು.

ನಮ್ಮ ಮನೆ ಭತ್ತದ ಗದ್ದೆಗೆ ಹೊಂದಿಕೊಂಡೇ ಇದೆ. ಕಟ್ಟಿಸಿ 14 ವರ್ಷ. ನೆಲದಿಂದ ಮೂರಡಿ ಎತ್ತರದವರೆಗೆ ಬಣ್ಣ ಹೊಪ್ಪಳಿಕೆ ಎದ್ದು ಬಿಳಿ ಪುಡಿ ಉದುರುತ್ತದೆ. ಎರಡು ಸಲ ಪುಟ್ಟಿ ಹಾಕಿಸಿ ಬಣ್ಣ ಹೊಡೆಸಿದೆವು, ವರ್ಷವೂ ಬಾಳಲಿಲ್ಲ. ಮೂರಡಿ ಟೈಲ್ಸ್ ಹಚ್ಚಿಬಿಡೋಣ ಎನ್ನುತ್ತಾರೆ ಗೌಂಡಿ. ಹಚ್ಚಿಸಬಹುದೇ?
— ಓದುಗರು, ಸಿಂಧನೂರು ತಾಲ್ಲೂಕು

ಟೈಲ್ಸ್ ಬೇಡ. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ನಿಮ್ಮ ಗೋಡೆ ನೆಲದ ನೀರನ್ನು ಮೇಲಕ್ಕೆ ಹೀರುತ್ತಿದೆ. ಹೀರಿದ ನೀರು ಗೋಡೆಯ ಮೈಯಿಂದ ಆರಿ ಹೋಗುತ್ತಿರುವುದರಿಂದಲೇ ತೇವ ಮೂರಡಿಗೆ ನಿಂತಿದೆ. ಆ ಮೂರಡಿಯನ್ನು ಟೈಲ್ಸ್‌ನಿಂದ ಮುಚ್ಚಿದರೆ ಆರಲು ಜಾಗ ಸಿಗದೆ ತೇವ ಟೈಲ್ಸ್ ದಾಟಿ ಇನ್ನೂ ಮೇಲೆ ಹತ್ತುತ್ತದೆ. ಗ್ರಾನೈಟ್ ಪಟ್ಟಿಯೂ ಎಣ್ಣೆ ಬಣ್ಣವೂ ಮಾಡುವುದು ಇದನ್ನೇ.

ಉದುರುವ ಬಿಳಿ ಪುಡಿ ಉಪ್ಪು. ಪುಟ್ಟಿಯ ಒಂದು ಚಕ್ಕೆಯನ್ನು ಉಗುರಿನಿಂದ ಎಬ್ಬಿಸಿ ಅದರ ಬೆನ್ನು ನೋಡಿ: ಹತ್ತಿಯ ಎಳೆಯಂಥ ಸಣ್ಣ ಸೂಜಿಗಳು ಎದ್ದು ನಿಂತಿರುತ್ತವೆ. ತುಂಗಭದ್ರಾ ಎಡದಂಡೆಯ ಅಚ್ಚುಕಟ್ಟಿನಲ್ಲಿ ಸವಳು ಹೊಸದಲ್ಲ. ಕಾಲುವೆಗೆ ನೀರು ಬಿಟ್ಟು ಗದ್ದೆ ತುಂಬಿದಾಗ ನೆಲದೊಳಗಿನ ನೀರೂ ಮೇಲೆ ಬರುತ್ತದೆ, ತನ್ನೊಂದಿಗೆ ಉಪ್ಪನ್ನು ಗೋಡೆಗೆ ತರುತ್ತದೆ. ನೀರು ಆರುತ್ತದೆ, ಉಪ್ಪು ಗೋಡೆಯಲ್ಲೇ ಹರಳುಗಟ್ಟಿ ಬಣ್ಣವನ್ನೂ ಗಿಲಾವನ್ನೂ ಹೊರಗೆ ದೂಡುತ್ತದೆ. ಆಮೇಲೆ ಬುಡದ ತೇವ ನಿಂತರೂ ಗೋಡೆಯಲ್ಲಿ ಉಳಿದ ಉಪ್ಪು ಮೋಡ ಮುಸುಕಿದ ದಿನ ಗಾಳಿಯ ತೇವವನ್ನು ಎಳೆದುಕೊಂಡು ಒದ್ದೆಯಾಗುತ್ತದೆ. ಉಪ್ಪು ತುಂಬಿದ ಗಿಲಾವನ್ನು ಕೆತ್ತಿ ತೆಗೆಯದೆ ಬೇರೆ ದಾರಿಯಿಲ್ಲ.

ಖಾತ್ರಿ ಮಾಡಿಕೊಳ್ಳಲು ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಮೈ ಬೆವರಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈ ಬೆವರಿದ್ದರೆ ಅದು ಕೋಣೆಯ ಗಾಳಿಯದು.

ಕೆಲಸ ಹೊರಗಿನಿಂದ ಶುರುವಾಗಲಿ. ಗೋಡೆಗೆ ಒತ್ತಿ ಹಾಕಿದ ಗರಸು, ಮಣ್ಣು, ಹೂವಿನ ಮಡಿ ತೆಗೆಯಿಸಿ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಕನಿಷ್ಠ ಒಂದಡಿ ತಗ್ಗಿರಬೇಕು. ಮನೆ ಸುತ್ತ ಮೂರಡಿ ಅಗಲದ ಕಾಂಕ್ರೀಟ್ ಪಟ್ಟಿ ಹಾಕಿಸಿ, ಮೂರಡಿಗೆ ಒಂದಿಂಚು ಹೊರಗೆ ಇಳಿಜಾರು ಕೊಡಿಸಿ. ಎರೆಮಣ್ಣಿನ ಮೇಲಿನ ಮನೆಗೆ ಇದರಿಂದ ಇನ್ನೊಂದು ಲಾಭ ಇದೆ. ಪಾಯದ ಬುಡದ ಎರೆ ನೆನೆದು ಹಿಗ್ಗುವುದು, ಒಣಗಿ ಬಿರಿಯುವುದು ಕಡಿಮೆಯಾಗಿ ಗೋಡೆಯ ಓರೆ ಬಿರುಕೂ ಹತೋಟಿಗೆ ಬರುತ್ತದೆ.

ಒಳಗೆ, ತೇವದ ಗೆರೆಯಿಂದ ಒಂದಡಿ ಮೇಲಿನವರೆಗೆ ಗಿಲಾವು ಕೆತ್ತಿಸಿ, ಇಟ್ಟಿಗೆ ಸಂದುಗಳನ್ನು ಮುಕ್ಕಾಲು ಇಂಚು ಕೆದಕಿಸಿ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ಗುಡಿಸಿ ಹೊರಗೆ ಸಾಗಿಸಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ಮುಂದಿನ ಹಂತದಲ್ಲಿ ಎಲ್ಲರೂ ಅವಸರ ಮಾಡುತ್ತಾರೆ: ಗೋಡೆ ಆರಬೇಕು. ಒಂದಿಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಅಂದಾಜು ಲೆಕ್ಕ. ಒಂಬತ್ತಿಂಚಿನ ಗೋಡೆಯಾದರೆ ಒಂದು ಬೇಸಿಗೆಯನ್ನಾದರೂ ಪೂರ್ತಿ ಬಿಡಿ.

ಬುಡದಲ್ಲಿ ತೇವತಡೆ ಪದರ ಇಲ್ಲದಿದ್ದರೆ ಕೆತ್ತಿದ ಈ ಹೊತ್ತಿನಲ್ಲೇ ಅದನ್ನೂ ಮಾಡಿಸಿ. ನೆಲದಿಂದ ಆರಿಂಚು ಮೇಲಿನ ಗಾರೆ ಸಾಲಿನಲ್ಲಿ ಸುಮಾರು ನಾಲ್ಕೂವರೆ ಇಂಚಿಗೊಂದರಂತೆ 12 ಮಿಲಿಮೀಟರ್ ತೂತು ಕೊರೆದು, ಆಚೆ ಮೈಗೆ ಒಂದೂವರೆ ಇಂಚು ಉಳಿಸಿ, ನೀರನ್ನು ತಡೆಯುವ ಸಿಲೇನ್-ಸಿಲೊಕ್ಸೇನ್ ಕ್ರೀಮ್ ತುಂಬಿಸುತ್ತಾರೆ. ಹೊಸ ಗಿಲಾವಿಗೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಉಸುಕು ಸಾಕು, ಮೇಲೆ ಸುಣ್ಣದ ಬಣ್ಣ. ಕಲಸುವ ನೀರು ಸವಳು ಬೋರ್‌ವೆಲ್‌ನದಾದರೆ ಉಪ್ಪನ್ನು ನೀವೇ ಗೋಡೆಗೆ ತುಂಬಿದಂತೆ. ಸಿಹಿನೀರು ತರಿಸಿ.

ಬಚ್ಚಲಿನ ಪಕ್ಕದ ಮಲಗುವ ಕೋಣೆಯ ಗೋಡೆ ಸದಾ ಒದ್ದೆ. ಬಚ್ಚಲಿನ ಟೈಲ್ಸ್ ಪೂರ್ತಿ ಒಡೆಸಬೇಕೇ?
— ಓದುಗರು, ಗಂಗಾವತಿ

ಈಗಲೇ ಬೇಡ. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿಗೆ ನೀರು ಏರುವುದನ್ನೂ ನಿಲ್ಲಿಸಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಗೋಡೆಯೊಳಗಿನ ಪೈಪು ಸೋರುತ್ತಿದೆ. ಇಳಿಯದಿದ್ದರೆ ಬಚ್ಚಲನ್ನು ನಾಲ್ಕು ದಿನ ಬಳಸದೆ ಬಿಡಿ. ಆಮೇಲೆ ನಹಾನಿ ಟ್ರ್ಯಾಪ್‌ನ (ಬಚ್ಚಲಿನ ನೀರು ಇಳಿಯುವ ಜಾಲಿಯ ಕೆಳಗಿನ ಗುಂಡಿ) ಪೈಪಿಗೆ ಬಟ್ಟೆ ತುರುಕಿ, ಟ್ರ್ಯಾಪ್ ತುಂಬುವಷ್ಟು ಮಾತ್ರ ಬಣ್ಣದ ನೀರು ಸುರಿದು ಒಂದು ದಿನ ನೋಡಿ. ಬಣ್ಣ ಆಚೆ ಗೋಡೆಯಲ್ಲಿ ಕಂಡರೆ ಟ್ರ್ಯಾಪ್‌ನ ಸುತ್ತಲಿನ ಸಂದು ಬಿಟ್ಟಿದೆ. ಅಷ್ಟು ಜಾಗವನ್ನಷ್ಟೇ ಒಡೆಯಿಸಿದರೆ ಸಾಕು.

ಅಜ್ಜನ ಕಾಲದ ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಳೆಗೆ ಮುಂಚೆ ಮೇಲೆ ಮಣ್ಣು ಹಾಕುತ್ತ ಬಂದಿದ್ದೇವೆ. ಈಗ ಎರಡು ಕಡೆ ಸೋರುತ್ತದೆ, ಮಣ್ಣು ಉದುರುತ್ತದೆ. ಎರಡಿಂಚು ಕಾಂಕ್ರೀಟ್ ಹಾಕಿಸಿದರೆ ಚಿಂತೆಯೇ ಇರುವುದಿಲ್ಲ ಎನ್ನುತ್ತಾರೆ.
— ಓದುಗರು, ಕುಷ್ಟಗಿ ತಾಲ್ಲೂಕು

ದಯವಿಟ್ಟು ಹಾಕಿಸಬೇಡಿ. ಭಾರದ ಲೆಕ್ಕ ನೋಡಿ. ಹತ್ತಡಿ ಚೌಕದ ಕೋಣೆಯ ಮೇಲೆ ಒಂದಿಂಚು ಮಣ್ಣು ಎಂದರೆ ಸುಮಾರು 4 ಕ್ವಿಂಟಲ್, ನೆನೆದರೆ ಇನ್ನೂ ಹೆಚ್ಚು. ಎರಡಿಂಚು ಕಾಂಕ್ರೀಟ್ ಎಂದರೆ 11 ಕ್ವಿಂಟಲ್. ವರ್ಷ ವರ್ಷ ಹಾಕಿದ ಮಣ್ಣನ್ನು ಹೊತ್ತು ಬಾಗಿದ ಜಂತಿಗೆ ಇದೂ ಸೇರಬೇಕೇ? ಮೇಲೆ ಕಾಂಕ್ರೀಟ್ ಬಿದ್ದರೆ ಒಳಗಿನ ಮಣ್ಣಿನ ತೇವ ಹೊರಗೆ ಹೋಗದೆ ಜಂತಿಯ ತುದಿಗಳು ಗೋಡೆಯೊಳಗೇ ಕೊಳೆಯುತ್ತವೆ. ಕೆಳಗೆ ನಿಂತವರಿಗೆ ಅದು ಕಾಣುವುದೂ ಇಲ್ಲ.

ಮೊದಲು ಜಂತಿ ಪರೀಕ್ಷೆ. ಪ್ರತಿ ಜಂತಿ ಗೋಡೆ ಸೇರುವ ಕಡೆ ದಬ್ಬಳದಿಂದ ಒತ್ತಿ ಚುಚ್ಚಿ. ಗಟ್ಟಿ ಮರದಲ್ಲಿ ಮೊನೆ ನಿಲ್ಲುತ್ತದೆ. ಅರ್ಧ ಇಂಚು ಸಲೀಸಾಗಿ ಇಳಿದರೆ ಆ ತುದಿ ಹೋಗಿದೆ. ಅದರ ಕೆಳಗೆ ಕಂಬ ಕೊಟ್ಟು ಬಿಗಿ ಮಾಡುವ ತನಕ ಯಾರೂ ಮಾಳಿಗೆ ಹತ್ತಬಾರದು, ಆ ಕೋಣೆಯಲ್ಲಿ ಮಲಗಲೂಬಾರದು. ಗೆದ್ದಲಿನ ಮಣ್ಣಿನ ಸಾಲು ಕಂಡರೂ ಹೀಗೆಯೇ.

ಮಳೆಗಾಲ ಮುಗಿದ ಮೇಲೆ ಹಳೆಯ ಮಣ್ಣಿನ ಹೆಚ್ಚುವರಿ ಪದರಗಳನ್ನು ಎರಡೂ ಕಡೆಯಿಂದ ಸಮವಾಗಿ ಇಳಿಸಿ. ಒಂದೇ ಕಡೆ ಗುಡ್ಡೆ ಹಾಕಬೇಡಿ. ಹುಲ್ಲನ್ನು ಬೇರು ಸಮೇತ ಕೀಳಿಸಿ, ಸೋರಿಕೆಯ ದಾರಿ ಅನೇಕ ಸಲ ಒಣಗಿದ ಬೇರಿನ ತೂತೇ ಆಗಿರುತ್ತದೆ. ಇಲಿ ಬಿಲ ಇದ್ದರೆ ಹಸಿಮಣ್ಣು ತುರುಕಿ ಬಡಿಯಿರಿ. ಆಮೇಲೆ ರೋಹಿಣಿ ಮಳೆಗೆ ಮುಂಚೆ ಎರಡಿಂಚು ಚೌಳು ಮಣ್ಣು, ಅಂದರೆ ಸವಳು ಮಣ್ಣು, ಹರಡಿ, ನೀರು ಚಿಮುಕಿಸಿ ಬಡಿದು ಮಟ್ಟ ಮಾಡಿ. ಹಿರಿಯರು ಚೌಳನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದರಲ್ಲಿನ ಸೋಡಿಯಂನಿಂದಾಗಿ ಮೊದಲ ಮಳೆಗೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳಲ್ಲಿ ಕೂತು ಮೇಲ್ಮೈಯನ್ನು ಮುಚ್ಚಿಬಿಡುತ್ತವೆ. ಸಿಂಧನೂರಿನ ಗೋಡೆಯನ್ನು ತಿನ್ನುವ ಸವಳೇ ಕುಷ್ಟಗಿಯ ಮಾಳಿಗೆಯನ್ನು ಕಾಯುತ್ತದೆ!

ಮಾಳಿಗೆಯ ನೀರು ಹೊರಗೆ ಬೀಳುವ ದೋಣಿಯ ಕಡೆಗೆ ಹತ್ತಡಿಗೆ ಮೂರಿಂಚು ಇಳಿಜಾರು ಇರಲಿ. ದೋಣಿ ಗೋಡೆಯಿಂದ ಒಂದೂವರೆ ಅಡಿಯಾದರೂ ಹೊರಗೆ ಚಾಚಲಿ. ಇಲ್ಲವಾದರೆ ಮಾಳಿಗೆಯ ನೀರೆಲ್ಲ ಗೋಡೆಗೇ ಬಡಿದು ಬುಡದ ಮಣ್ಣನ್ನು ಕೊರೆಯುತ್ತದೆ. 2009ರ ಸೆಪ್ಟೆಂಬರ್ ಕೊನೆ-ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ ನಮ್ಮ ಕಡೆ ಎಷ್ಟೋ ಮಣ್ಣಿನ ಮನೆಗಳು ಬಿದ್ದವು. ನೆನೆದ ಮಣ್ಣಿನ ಗೋಡೆ ಮಳೆ ನಿಂತ ಮೇಲೆ ಆರುವಾಗಲೂ ಕುಸಿಯಬಹುದು. ಗೋಡೆ ಹೊಟ್ಟೆ ಬಿಟ್ಟಿದ್ದರೆ ಬಿಸಿಲು ಬಂತೆಂದು ಒಳಗೆ ಹೋಗಬೇಡಿ.

ಆರ್‌ಸಿಸಿ ಮನೆ, 20 ವರ್ಷದ್ದು. ಛತ್ತಿನ ಒಳಗೆ ಕಂದು ಕಲೆ, ಒಂದು ಕಡೆ ಚಕ್ಕೆ ಬಿದ್ದು ಕಬ್ಬಿಣ ಕಾಣುತ್ತಿದೆ. ಮೇಲೆ ಬಿಳಿ ಕೂಲ್ ಕೋಟಿಂಗ್ ಹೊಡೆಸಿದರೆ ಸಾಕೇ?
— ಓದುಗರು, ಬಳ್ಳಾರಿ

ಬಿಳಿ ಬಣ್ಣ ಬಳ್ಳಾರಿಯ ಬಿಸಿಲಿಗೆ ಒಳ್ಳೆಯದೇ, ಆದರೆ ಅದೊಂದೇ ನೀರನ್ನು ತಡೆಯುವುದಿಲ್ಲ. ಕಂಬಿ ತುಕ್ಕು ಹಿಡಿದಾಗ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಸುತ್ತಲ ಕಾಂಕ್ರೀಟನ್ನು ಅದೇ ಒಡೆದು ಬೀಳಿಸುತ್ತದೆ. ಸಣ್ಣ ಸುತ್ತಿಗೆಯಿಂದ ಛತ್ತನ್ನು ಒಳಗಿನಿಂದ ಅಡಿಗೊಂದು ಕಡೆ ತಟ್ಟಿ. ತಲೆಯ ಮೇಲೆ ಹೆಲ್ಮೆಟ್ ಇರಲಿ. ಡೊಳ್ಳು ಸದ್ದು ಬಂದ ಜಾಗವೆಲ್ಲ ಬಿಟ್ಟುಕೊಂಡಿದೆ. ಅದನ್ನು ಕಂಬಿಯ ಹಿಂದೆ ಮುಕ್ಕಾಲು ಇಂಚಿನವರೆಗೆ ಕೆತ್ತಿ, ತಂತಿ ಬ್ರಷ್‌ನಿಂದ ತುಕ್ಕು ತೆಗೆದು, ಜಿಂಕ್ ಪ್ರೈಮರ್ ಬಳಿದು, ಪಾಲಿಮರ್ ಗಾರೆ ತುಂಬಬೇಕು. ಕಂಬಿ ಕಣ್ಣಿಗೆ ಕಾಣುವಷ್ಟು ಸವೆದಿದ್ದರೆ ಎಂಜಿನಿಯರ್ ನೋಡದೆ ಮುಂದುವರಿಯಬೇಡಿ.

ಸೋರುವ ಜಾಗ ಹುಡುಕಲು ಛಾವಣಿಯ ಮೇಲೆ ಎರಡಿಂಚು ನೀರು ಕಟ್ಟಿ ನೋಡುವ ರೂಢಿ ಇದೆ. ಅದು ಚದರ ಮೀಟರ್‌ಗೆ 50 ಕೆ.ಜಿ. ಭಾರ. ಚಕ್ಕೆ ಬೀಳುತ್ತಿರುವ ನಿಮ್ಮ ಛತ್ತಿಗೆ ಅದು ಬೇಡವೇ ಬೇಡ. ಇಳಿಜಾರಿನ ತಗ್ಗು ತುದಿಯಿಂದ ಶುರುಮಾಡಿ ಒಂದೊಂದು ಭಾಗವನ್ನೇ ಗಂಟೆ ಹೊತ್ತು ನೆನೆಸುತ್ತ ಮೇಲಕ್ಕೆ ಹೋಗಿ, ಕೆಳಗೊಬ್ಬರು ನೋಡುತ್ತಿರಲಿ. ಹೆಚ್ಚಾಗಿ ಸಿಗುವುದು ಪ್ಯಾರಾಪೆಟ್ ಮತ್ತು ಛಾವಣಿ ಸೇರುವ ಮೂಲೆ, ಇಲ್ಲವೇ ನೀರಿಳಿಯುವ ಪೈಪಿನ ಬಾಯಿ. ಬೇಸಿಗೆಯಲ್ಲಿ ಕಾದು ಹಿಗ್ಗಿ, ಮಳೆ ಬಿದ್ದಾಗ ತಟ್ಟನೆ ಕುಗ್ಗಿ ಮೊದಲು ಬಿಟ್ಟುಕೊಳ್ಳುವುದು ಆ ಮೂಲೆಯೇ. ಅಲ್ಲಿ ಎರಡಿಂಚಿನ ಗೋಲಾ (ಮೂಲೆಯನ್ನು ದುಂಡಗೆ ತುಂಬುವ ಗಾರೆ) ಕಟ್ಟಿಸಿ. ಪಾಲಿಮರ್-ಸಿಮೆಂಟ್ ಲೇಪನ ಎರಡು ಸಲ, ಒಂದಕ್ಕೊಂದು ಅಡ್ಡಲಾಗಿ. ನಡುವೆ ಫೈಬರ್ ಜಾಲರಿ. ಪ್ಯಾರಾಪೆಟ್ ಮೇಲೂ ಒಂದಡಿ. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಮಧ್ಯಾಹ್ನದ ಬಿಸಿಲಿಗೆ ಲೇಪನ ಅವಸರದಲ್ಲಿ ಒಣಗಿ ಬಿರಿಯುತ್ತದೆ. ಜೋರು ಮಳೆಗೆ 430 ಚದರಡಿಗೊಂದು ನಾಲ್ಕಿಂಚಿನ ಪೈಪು ಬೇಕು.

ರಾತ್ರಿ ಮಳೆಗೆ ಚರಂಡಿ ಉಕ್ಕಿ ಮೊಣಕಾಲುದ್ದ ನೀರು ಮನೆಯೊಳಗೆ ಬಂದಿತ್ತು. ಇಳಿದ ಮೇಲೆ ಯಾವುದನ್ನು ತೊಳೆದು ಇಟ್ಟುಕೊಳ್ಳಬಹುದು? 5,000 ಲೀಟರಿನ ಸಂಪಿಗೂ ನುಗ್ಗಿದೆ.
— ಓದುಗರು, ರಾಯಚೂರು

ಪೈಪು ಒಡೆದು ಬಂದ ನೀರಾದರೆ ಒರೆಸಿ ಒಣಗಿಸಿದರೆ ಆಯಿತು. ಚರಂಡಿಯ ನೀರಿನಲ್ಲಿ ಹೇಲು-ಉಚ್ಚೆ, ಕಾಯಿಲೆ ಎಲ್ಲ ಸೇರಿರುತ್ತವೆ, ಅದಕ್ಕೆ ನಿಯಮ ಬೇರೆ. ನೀರಲ್ಲಿ ನಿಂತು ಮೇನ್ ಸ್ವಿಚ್ ಮುಟ್ಟಬೇಡಿ. ಒಣ ಜಾಗದಿಂದ ಕೈಗೆ ಸಿಗದಿದ್ದರೆ ಲೈನ್‌ಮನ್ ಕರೆಸಿ. ಮುಳುಗಿದ ಸಾಕೆಟ್, ಫ್ರಿಜ್, ಮೋಟಾರುಗಳನ್ನು ಎಲೆಕ್ಟ್ರಿಷಿಯನ್ ಬಿಚ್ಚಿ ನೋಡುವ ತನಕ ಹಚ್ಚಬೇಡಿ. ಸ್ವಚ್ಛ ಮಾಡುವ ಮೊದಲೇ ನೀರಿನ ಗುರುತು ಕಾಣುವಂತೆ ಗೋಡೆಯ ಫೋಟೊ ತೆಗೆದಿಡಿ, ಪರಿಹಾರದ ಅರ್ಜಿಗೆ ಬೇಕಾಗುತ್ತದೆ.

ಹಾಸಿಗೆ, ದಿಂಬು, ನೆನೆದ ಜೋಳ-ಅಕ್ಕಿ, ಊದಿದ ಪ್ಲೈವುಡ್ ಕಪಾಟು ಉಳಿಸಿಕೊಳ್ಳಬೇಡಿ. ಜೋಳದ ಚೀಲ ಎಸೆಯಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಒಣಗಿಸಿ ಬೀಸಿದರೂ ಅದು ಉಣ್ಣಲು ಯೋಗ್ಯವಲ್ಲ. ಸ್ಟೀಲು, ಗಾಜು, ಗಟ್ಟಿ ಮರ, ತೊಳೆಯಬಹುದಾದ ಬಟ್ಟೆ ಉಳಿಯುತ್ತವೆ. ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯುವುದರಿಂದ ಕಿಟಕಿ ತೆರೆದು ಫ್ಯಾನ್ ಹಾಕಿ.

ಮೊದಲು ರಾಡಿಯನ್ನು ಪೂರ್ತಿ ತೊಳೆಯಿರಿ, ರಾಡಿಯ ಮೇಲೆ ಬ್ಲೀಚಿಂಗ್ ಪುಡಿ ಸುರಿದರೆ ಅದರ ಶಕ್ತಿಯೆಲ್ಲ ರಾಡಿಗೇ ಹೋಗುತ್ತದೆ. ಆಮೇಲೆ 10 ಲೀಟರ್ ನೀರಿಗೆ 150 ಗ್ರಾಂ ಪುಡಿ ಕಲಸಿ ನೆಲ, ಗೋಡೆ ಬುಡಕ್ಕೆ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಿದರೆ ವಿಷಗಾಳಿ ಏಳುತ್ತದೆ, ಎಂದಿಗೂ ಬೆರೆಸಬೇಡಿ.

ಸಂಪು ಪೂರ್ತಿ ಖಾಲಿ ಮಾಡಿಸಿ. ಒಳಗೆ ಇಳಿಯುವವರು ಒಬ್ಬರೇ ಇಳಿಯಬಾರದು; ಮುಚ್ಚಳ ತೆರೆದಿಟ್ಟು ಗಾಳಿ ಆಡಲಿ. ಉಜ್ಜಿ ತೊಳೆದು ಹೊಸ ನೀರು ತುಂಬಿಸಿ, 750 ಗ್ರಾಂ ತಾಜಾ ಬ್ಲೀಚಿಂಗ್ ಪುಡಿಯನ್ನು ಬಕೆಟ್ ನೀರಿಗೆ ಕಲಸಿ, ಸುಣ್ಣ ತಳ ಕಂಡ ಮೇಲೆ ತಿಳಿಯನ್ನಷ್ಟೇ ಸಂಪಿಗೆ ಹಾಕಿ. ಆ ನೀರನ್ನು ಟ್ಯಾಂಕಿಗೂ ಏರಿಸಿ, ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವ ತನಕ ಬಿಟ್ಟು, ಎಲ್ಲ ಮುಚ್ಚಿ 12 ಗಂಟೆ ಇಡಿ. ಅದಷ್ಟನ್ನೂ ಚೆಲ್ಲಿ ಮತ್ತೆ ತುಂಬಿದ ನೀರನ್ನು ಬಳಸಿ. ಸಂಪಿನ ಬಾಯಿ ಅಂಗಳದ ಮಟ್ಟದಲ್ಲೇ ಇದ್ದರೆ ಮುಂದಿನ ಹಸ್ತ ಮಳೆಯೊಳಗೆ ಅದನ್ನು ಒಂದೂವರೆ ಅಡಿ ಎತ್ತರಿಸಿ ಕಟ್ಟಿಸಿ.